ಹೊರಗಿನವರ ಕಣ್ಣು

ನಮ್ಮೂರಲ್ಲಿ ಹೊರಗಿನವರ ಕಣ್ಣು ಬೀಳದೆ ಹಾಲು ಹೆಪ್ಪಾಗುವುದಿಲ್ಲ. ಹಿಟ್ಟು ಹುದುಗುವುದಿಲ್ಲ, ಸುಣ್ಣ ಬಳಿದ ಗೋಡೆ ಒಣಗುವುದಿಲ್ಲ, ನೆನೆಸಿಟ್ಟ ಹೆಸರುಕಾಳು ಮೊಳಕೆ ಒಡೆಯುವುದಿಲ್ಲ. ಬೇರೆ ಊರುಗಳಲ್ಲಿ ಕಟ್ಟುತ್ತಿರುವ ಮನೆಗೆ ಬೂದುಗುಂಬಳ ತೂಗುಹಾಕುತ್ತಾರೆ, ಮಗುವಿನ ಕೆನ್ನೆಗೆ ಕಪ್ಪು ಬೊಟ್ಟಿಡುತ್ತಾರೆ. ಇಲ್ಲಿ ಮನೆ ಕಟ್ಟಿಸುವವರು ದಾರಿಗೆ ಹೋಗಿ ನಿಂತು, "ಸ್ವಲ್ಪ ಬಂದು ಕಣ್ಣು ಹಾಕಿ ಹೋಗ್ರಿ" ಎಂದು ಕೈಮುಗಿಯುತ್ತಾರೆ. ಊರಲ್ಲಿ ಒಂದು ರಾತ್ರಿ ಮಲಗಿ ಎದ್ದವರ ಕಣ್ಣು ಆಮೇಲೆ ಕೆಲಸಕ್ಕೆ ಬರುವುದಿಲ್ಲ. ಅವರೂ ನಮ್ಮವರಾಗಿಬಿಡುತ್ತಾರೆ.

ನನಗೆ ಇದು ಗೊತ್ತಾದದ್ದು ಮದುವೆಯಾಗಿ ಬಂದ ದಿನ. ಹೊಸ್ತಿಲ ಹೊರಗೆ ನನ್ನನ್ನು ಮುಕ್ಕಾಲು ಗಂಟೆ ನಿಲ್ಲಿಸಿದರು. ಓಣಿಯವರೆಲ್ಲ ಸಾಲಾಗಿ ಬಂದು ಹಾಲಿನ ಗಡಿಗೆ, ಉಪ್ಪಿನಕಾಯಿ ಭರಣಿ, ಇಡ್ಲಿ ಹಿಟ್ಟು, ಹಸಿ ಮಣ್ಣಿನ ಒಲೆ ಒಂದೊಂದನ್ನೇ ನನ್ನ ಮುಂದೆ ಹಿಡಿದರು. "ಚಲೋ ನೋಡವಾ, ಅವಸರ ಮಾಡಬ್ಯಾಡ" ಎಂದರು. ಒಬ್ಬ ಮುದುಕಿ ಸೀರೆ ಎತ್ತಿ ಮೊಣಕಾಲಿನ ಗಾಯ ತೋರಿಸಿದಳು. ಪಕ್ಕದಲ್ಲಿ ನಿಂತಿದ್ದ ಚಿದಾನಂದ ನಗುತ್ತಿದ್ದ. "ಇವತ್ತೊಂದ ದಿನ ನೀನು ದೇವರು. ನಾಳೆಯಿಂದ ನಮ್ಮಂಗ" ಎಂದ. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ನಿಂತಲ್ಲೇ ಎಣಿಸಿದೆ. ಇಪ್ಪತ್ತೆಂಟು ಪಾತ್ರೆಗಳು, ಒಂದು ಮೊಣಕಾಲು.

ಆಗ ಊರಿಗೆ ಬಸ್ಸಿತ್ತು. ಕಂಡಕ್ಟರ್ ಫಕೀರಪ್ಪ ಮಾವ ಹತ್ತು ನಿಮಿಷದ ನಿಲುಗಡೆಯನ್ನು ಅರ್ಧ ಗಂಟೆಗೆ ಎಳೆಯುತ್ತಿದ್ದರು. ಪ್ರಯಾಣಿಕರು ಚಹಾ ಕುಡಿಯುತ್ತ ಕಟ್ಟೆಯ ಮೇಲೆ ಜೋಡಿಸಿಟ್ಟ ಪಾತ್ರೆಗಳನ್ನು ಸುಮ್ಮನೆ ನೋಡುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು. ಆಮೇಲೆ ಹೊಸ ರಸ್ತೆ ಆಯಿತು. ಅದು ನಮ್ಮೂರನ್ನು ದೂರದಲ್ಲೇ ಬಿಟ್ಟು ಹೋಗುತ್ತದೆ. ಬಸ್ಸು ನಿಂತಿತು. ಮೂರು ವಾರ ಊರು ಮಜ್ಜಿಗೆ ಕಾಣಲಿಲ್ಲ. ನಾಲ್ಕನೆಯ ವಾರ ಚಿದಾನಂದ ತನ್ನ ತಾಯಿಯ ಹಾಲಿನ ಗಡಿಗೆಯ ಮುಂದೆ ಫೋನು ಹಿಡಿದು ಲೈವ್ ಬಂದ. ಆರು ಜನ ನೋಡಿದರು. ಹಾಲು ಹೆಪ್ಪಾಯಿತು. ಓಣಿಯವರು ಒಬ್ಬೊಬ್ಬರಾಗಿ ಬಂದು ಆ ಮೊಸರನ್ನು ಬೆರಳಲ್ಲಿ ತೆಗೆದು ನೆಕ್ಕಿ ಹೋದರು.

ಆದರೆ ಬಸ್ಸಿನವರನ್ನು ಫಕೀರಪ್ಪ ಮಾವ ಕೂರಿಸಿಕೊಳ್ಳಬಹುದಿತ್ತು. ಫೋನಿನವರು ಕೂರುವುದಿಲ್ಲ. ಹಾಲಿನ ಗಡಿಗೆಯನ್ನು ಯಾರು ಎಷ್ಟು ಹೊತ್ತು ನೋಡುತ್ತಾರೆ? "ಕೈ ಖಾಲಿ ಇದ್ರ ಹೆಬ್ಬೆರಳು ಜಾರತೈತಿ. ಅದಕ್ಕೊಂದು ಕೆಲಸ ಕೊಡಬೇಕು" ಎಂದು ಚಿದಾನಂದ ಕಂಡುಕೊಂಡ. ಎರಡು ಗಡಿಗೆ ಇಟ್ಟು, ಯಾವುದು ಮೊದಲು ಹೆಪ್ಪಾಗುತ್ತದೆ ಎಂದು ಪೋಲ್ ಹಾಕಿದ. ತಟ್ಟೆಯಲ್ಲಿ ಕಾಳು ಹರಡಿ, ಎಷ್ಟು ಮೊಳಕೆ ಬರುತ್ತವೆ ಹೇಳಿ ಎಂದ. ಸರಿ ಹೇಳಿದವರ ಹೆಸರನ್ನು ಮಕ್ತುಂಬಿಯ ಬ್ರೆಡ್ಡಿನ ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ನೂರು ಹಾರ್ಟ್ ಬಂದಾಗಲೆಲ್ಲ ಫಕೀರಪ್ಪ ಮಾವ ತಮ್ಮ ಹಳೆಯ ಕಂಡಕ್ಟರ್ ಸೀಟಿ ಊದುತ್ತಿದ್ದರು. ಅದಕ್ಕೆಂದೇ ಹಾರ್ಟ್ ಒತ್ತುವವರಿದ್ದರು.

ನಾನು ಲೆಕ್ಕ ಹಾಕಿ ಕೊಡುತ್ತಿದ್ದೆ. ಹೆಸರು ಹಿಡಿದು ಕರೆದರೆ ಒಬ್ಬ ನೋಡುಗ ಸರಾಸರಿ ಆರು ನಿಮಿಷ ಹೆಚ್ಚು ಉಳಿಯುತ್ತಾನೆ. ಪೋಲ್‌ಗೆ ಒಂಬತ್ತು. ಹಾರ್ಟಿಗೆ ಎರಡೇ. ಕಮೆಂಟ್ ಓದುತ್ತಿರುವ ಕಣ್ಣು ಲೆಕ್ಕಕ್ಕಿಲ್ಲ. ಅಕ್ಷರದ ಮೇಲೆ ಬಿದ್ದ ನೋಟ ಹಾಲಿಗೆ ತಾಗುವುದಿಲ್ಲ ಎಂಬುದನ್ನು ಎರಡು ಗಡಿಗೆ ಹಾಲು ಕೆಡಿಸಿ ಖಚಿತ ಮಾಡಿಕೊಂಡಿದ್ದೆವು. ನನ್ನ ಕೋಷ್ಟಕಗಳನ್ನು ಚಿದಾನಂದ ಒಮ್ಮೆಯೂ ಪೂರ್ತಿ ಓದಲಿಲ್ಲ. "ಅದೆಲ್ಲ ಇರಲಿ, ಈಗ ಏನ್ ಮಾಡಲಿ ಹೇಳು" ಎನ್ನುತ್ತಿದ್ದ. ಊರಲ್ಲಿ ಎದುರಾದವರು ಊಟವಾಯಿತೇ ಎಂದು ಕೇಳುವುದನ್ನು ಬಿಟ್ಟು, "ಎಷ್ಟ್ ಮಂದಿ ಅದಾರ?" ಎಂದು ಕೇಳತೊಡಗಿದ್ದು ಆ ವರ್ಷದಿಂದ.

ಕಳೆದ ಶ್ರಾವಣದಲ್ಲಿ ಚಿದಾನಂದ ತೀರಿಕೊಂಡ. ಎರಡು ದಿನದ ಜ್ವರ.

ನಮ್ಮೂರಲ್ಲಿ ಸಾವು ಕೂಡ ಹಾಗೆಯೇ. ಹದಿಮೂರನೆಯ ದಿನ ಮನೆಯವರು ಹೊರಗಿನವರ ಕಣ್ಣಿಗೆ ಬೀಳುವಂತೆ ಕೂರಬೇಕು. ಅಲ್ಲಿಯವರೆಗೆ ಯಾರಿಗೂ ಅಳು ಬರುವುದಿಲ್ಲ. ಹಿಂದೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂರುತ್ತಿದ್ದರು. ಈಗ ಫೋನಿನ ಮುಂದೆ. ಅತ್ತೆ ಕೂತರು. ಅವರ ಮಗಳು ಕೂತಳು. ಅಣ್ಣತಮ್ಮಂದಿರು, ಚಿಕ್ಕಮ್ಮಂದಿರು ಕೂತರು. ಮುನ್ನೂರು ಜನ ನೋಡಿದರು, ಎಲ್ಲರೂ ಅತ್ತರು, ಊಟಕ್ಕೆ ಎದ್ದರು. ಫೋನು ಹಿಡಿದವಳು ನಾನು. ಮನೆಯಲ್ಲಿ ಅದು ಬರುತ್ತಿದ್ದದ್ದು ಚಿದಾನಂದನನ್ನು ಬಿಟ್ಟರೆ ನನಗೊಬ್ಬಳಿಗೆ. ಫೋನು ಹಿಡಿದವಳು ಫೋನಿನಲ್ಲಿ ಕಾಣುವುದಿಲ್ಲ ಎಂಬುದು ಅಂದು ಯಾರಿಗೂ ಹೊಳೆಯಲಿಲ್ಲ.

ಒಂದು ತಿಂಗಳಾದ ಮೇಲೆ ಮಕ್ತುಂಬಿಗೆ ಹೊಳೆಯಿತು. ಬ್ರೆಡ್ಡಿನ ಲೈವ್ ಮಾಡಲು ಹೋಗಿದ್ದೆ. ನನ್ನ ಮುಖವನ್ನೇ ನೋಡುತ್ತಿದ್ದವಳು, "ಅಲ್ಲವಾ ಅನಸೂಯಾ, ನಿನಗ ಕಣ್ಣು ಬಿದ್ದೇ ಇಲ್ಲಲ್ಲ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಬಾ ಇಲ್ಲೆ. ಈಗ ಕುಂದ್ರು. ನಾ ಹಿಡೀತೀನಿ ಫೋನು." ನಾಳೆ ಕೂರುತ್ತೇನೆ ಎಂದೆ. ಮರುದಿನವೂ ಅದನ್ನೇ ಹೇಳಿದೆ. ಎಂಟು ತಿಂಗಳು ನಾಳೆ ಎಂದೆ. ಒಳಕೋಣೆಯ ಹಗ್ಗದ ಮೇಲೆ ಅವನ ಟವೆಲು ಇನ್ನೂ ಒದ್ದೆಯಿತ್ತು. ಸಾಬೂನಿನ ವಾಸನೆ ಹಾಗೇ ಇತ್ತು. ಆ ಕೋಣೆಗೆ ನಾನು ಫೋನು ಒಯ್ಯುತ್ತಿರಲಿಲ್ಲ.

ಉಪ್ಪು ಕಡಿಮೆಯಾದರೆ ತಿಳಿಯುತ್ತಿರಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಅತ್ತೆ ಹೇಳಬೇಕಿತ್ತು. ಒಂದೇ ಒಂದು ಮಾತ್ರ ಕೆಲಸ ಮಾಡುತ್ತಿತ್ತು. ಫೋನಿನ ಮೂಲೆಯಲ್ಲಿ ಕಾಣುವ ನೋಡುಗರ ಸಂಖ್ಯೆಯ ಬಗ್ಗೆ ನನಗೆ ಕುತೂಹಲವಿತ್ತು. ಇಂದು ನಲವತ್ತೊಂದು ಎಂದರೆ ಯಾರು ಆ ನಲವತ್ತೊಂದು ಜನ? ಮೂರು ಗಂಟೆಗೆ ಸರಿಯಾಗಿ ಬಂದು ಮೂರು ಹತ್ತಕ್ಕೆ ಹೋಗುವವನು ಎಲ್ಲಿಂದ ಎದ್ದು ಬರುತ್ತಾನೆ? ಪ್ರತಿ ಪೋಲ್‌ನಲ್ಲೂ ಸೋಲುವ ಕಡೆಗೇ ಒತ್ತುವವಳು ಯಾರು? ಚಿದಾನಂದನಿಗೆ ಮಾತು ಇತ್ತು. ನನಗಿಲ್ಲ. ನಾನು ಪ್ರಶ್ನೆ ಹಾಕುತ್ತಿದ್ದೆ, ಕೈ ಮಾತ್ರ ತೋರಿಸುತ್ತಿದ್ದೆ. ಊರಿನ ಹಾಲು ಹೇಗೋ ಹೆಪ್ಪಾಗುತ್ತಿತ್ತು.

ಈ ಬೇಸಿಗೆಯಲ್ಲಿ ಅತ್ತೆಯ ಬಾನಿ ಒಡೆಯಿತು. ಅತ್ತೆಯ ಹೆಸರು ಹಂಪವ್ವ. ಸುತ್ತಲಿನ ನೇಕಾರರಿಗೆ ನೂಲಿಗೆ ನೀಲಿ ಹಾಕಿಕೊಡುವವರು ಅವರೊಬ್ಬರೇ ಉಳಿದಿದ್ದರು. ಬಾನಿ ಎಂದರೆ ಹಿತ್ತಲ ನೆಲದಲ್ಲಿ ಕತ್ತಿನವರೆಗೆ ಹೂತ ದೊಡ್ಡ ಮಣ್ಣಿನ ಹಂಡೆ. ಅದರೊಳಗಿನ ನೀಲಿ ನೀರನ್ನು ಅವರ ಅತ್ತೆ ಹುದುಗಿಸಿದ್ದು. ಬರಿದು ಮಾಡಿದ್ದೇ ಇಲ್ಲ, ಅದಕ್ಕೇ ಸೇರಿಸುತ್ತ ಬಂದದ್ದು. ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ತಳ ಸೀಳಿ ಎಲ್ಲ ನೆಲಕ್ಕೆ ಇಳಿದುಹೋಗಿತ್ತು. ಬೇರೆ ಇಟ್ಟಿದ್ದ ಒಂದು ಕೊಡ ಹಳೆಯ ನೀರು ಮಾತ್ರ ಉಳಿದಿತ್ತು. ಹೊಸ ಬಾನಿ ಹೂತು, ಆ ಕೊಡವನ್ನೇ ಹೆಪ್ಪಾಗಿ ಸುರಿದು, ನೀಲಿಯ ಉಂಡೆ, ಸುಣ್ಣ, ತಗಚೆ ಬೀಜದ ಗಂಜಿ ಹಾಕಿ ಗೋಣಿಚೀಲ ಮುಚ್ಚಿದರು. ಏಳು ದಿನ ಹಾಗೇ ಇರಬೇಕು. ಎಂಟನೆಯ ದಿನ ತೆರೆಯಬೇಕು. ಅಂದು ಹಗಲು ಯಾವುದೋ ಒಂದು ಗಳಿಗೆಯಲ್ಲಿ ಬಾನಿ ತಿರುಗುತ್ತದೆ. ನೀರು ಹಳದಿ ಹಸಿರಾಗಿ, ಮೇಲೆ ತಾಮ್ರದ ಬಣ್ಣದ ಕೆನೆ ಕಟ್ಟುತ್ತದೆ. ಆ ಗಳಿಗೆಯಲ್ಲಿ ಹೊರಗಿನ ಒಂದು ಕಣ್ಣಾದರೂ ಅದರ ಮೇಲಿರಬೇಕು. ಇಲ್ಲದಿದ್ದರೆ ಸಂಜೆಯೊಳಗೆ ಕೊಳೆಯುತ್ತದೆ. ಇನ್ನೊಂದು ಕೊಡ ಹೆಪ್ಪು ಎಲ್ಲಿಯೂ ಇಲ್ಲ.

"ಬಾನಿ ಸತ್ರ ಏನು ಮಾಡ್ತೀರಿ ಅತ್ತೀ?" ಎಂದು ಕೇಳಿದೆ. "ಏನ್ ಮಾಡೂದು? ಎಲ್ಲಾರಂಗ ರೊಟ್ಟಿ ಬಡ್ಕೊಂತ ಕುಂದರ್ತೀನಿ" ಎಂದರು. ಅವರ ಕೈ ಮೊಣಕೈಯವರೆಗೆ ನೀಲಿ. ಬಾನಿ ಒಡೆದ ಮೇಲೆ ಉಗುರಿನ ಬುಡದಲ್ಲಿ ಬಿಳಿ ಕಾಣತೊಡಗಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು.

ಎಂಟನೆಯ ದಿನ ಬೆಳಿಗ್ಗೆ ಏಳಕ್ಕೆ ಗೋಣಿ ತೆಗೆದು ಲೈವ್ ಶುರು ಮಾಡಿದೆ. ಬಾನಿ ನೆಲದಲ್ಲಿ ಇರುವುದರಿಂದ ಬಗ್ಗಿ ಮೇಲಿನಿಂದ ಫೋನು ಹಿಡಿಯಬೇಕು. ಫೋನಿನಲ್ಲಿ ಬಾನಿಯ ಬಾಯಿ ಮಾತ್ರ, ಆಗಾಗ ಕೋಲಿನಿಂದ ಕದಡುವ ನನ್ನ ಕೈ. ಎಂಟಕ್ಕೆ ಇನ್ನೂರ ಹನ್ನೆರಡು ಜನರಿದ್ದರು. ಹಿತ್ತಲು ತುಂಬ ಓಣಿಯವರು. ಫಕೀರಪ್ಪ ಮಾವ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಬಂದಿದ್ದರು. ಮಕ್ತುಂಬಿ ಎಲ್ಲರಿಗೂ ಬ್ರೆಡ್ಡು ತಂದಿದ್ದಳು. ನಿನ್ನೆ ನೋಡುಗರು ಕಡಿಮೆಯಿದ್ದುದರಿಂದ ಅದು ಸ್ವಲ್ಪ ಚಪ್ಪಟೆಯಾಗಿತ್ತು.

ಒಂಬತ್ತಕ್ಕೆ ಸಂಖ್ಯೆ ಇಳಿಯತೊಡಗಿತು. ನಾನು ಪೋಲ್ ಹಾಕಿದೆ. ಬಾನಿ ಯಾವಾಗ ತಿರುಗುತ್ತದೆ? ಹನ್ನೊಂದರೊಳಗೆ, ಒಂದರೊಳಗೆ, ಮೂರರೊಳಗೆ, ಐದರೊಳಗೆ. ನೂರ ನಲವತ್ತು ಮತಗಳು ಬಂದವು. ಅಷ್ಟು ಮತ ನಮಗೆ ಎಂದೂ ಬಂದಿರಲಿಲ್ಲ. ಯಾರೂ ಹೇಳದೆಯೇ ಫಕೀರಪ್ಪ ಮಾವ ಸೀಟಿ ಊದಿದರು. ಹೆಚ್ಚಿನವರು ಮೂರರೊಳಗೆ ಎಂದಿದ್ದರು. ನಾನು ಅದನ್ನು ಓದಿ ಹೇಳಿದೆ. "ಹಾಗಾದರೆ ಎರಡೂವರೆಗೆ ಬರ್ತೀವಿ" ಎಂದು ಒಬ್ಬರು ಬರೆದರು. "ನಾವೂ" ಎಂದು ಇನ್ನೊಬ್ಬರು. ಹತ್ತು ನಿಮಿಷದಲ್ಲಿ ನೂರು ಜನ ಹೋಗಿದ್ದರು.

ನಾನು ಮಾಡಿದ ತಪ್ಪು ನನಗೆ ತಿಳಿಯಿತು. ಹಾಲಿಗೆ ಹಾಕುವ ಪೋಲ್ ಎಂದೂ ಗಂಟೆಯ ಬಗ್ಗೆ ಇರುತ್ತಿರಲಿಲ್ಲ. ಯಾವ ಗಡಿಗೆ ಎಂದು ಕೇಳುತ್ತಿದ್ದೆವು. ಯಾವಾಗ ಎಂದು ಕೇಳಿದ್ದೇ ಇಲ್ಲ. ಗಂಟೆ ಹೇಳಿ ನಾನೇ ಅವರಿಗೆ ರಜೆ ಕೊಟ್ಟಿದ್ದೆ.

"ಎಷ್ಟ್ ಮಂದಿ ಅದಾರ?" ಅತ್ತೆ ಕೇಳಿದರು. ಹತ್ತೊಂಬತ್ತು ಎಂದೆ. "ಉಳದವ್ರು?" ಮೂರು ಗಂಟೆಗೆ ಬರುತ್ತಾರಂತೆ ಎಂದೆ. ಅತ್ತೆ ಬಾನಿಯ ಅಂಚಿನ ಮೇಲೆ ಕೈಯಿಟ್ಟು ಒಳಗೆ ಬಗ್ಗಿ ಮೂಸಿದರು. "ಮೂರಕ್ಕ ತಿರಗಬೇಕಂತ ಇದಕ್ಕ ಯಾರ ಹೇಳ್ಯಾರ? ಇದು ಊಟದ ಹೊತ್ತಿಗೇ ತಿರುಗೂ ವಾಸನಿ ಬರಾಕತ್ತೈತಿ."

ಹನ್ನೆರಡೂವರೆಗೆ ನಾಲ್ಕು ಜನರಿದ್ದರು. ನಾನು ಹೆಸರು ಹಿಡಿದು ಕರೆದೆ, ಹಾರ್ಟ್ ಕೇಳಿದೆ, ಬಾನಿಯ ಆಳ ಎಷ್ಟಿರಬಹುದು ಎಂದು ಕೇಳಿದೆ. ಒಂದು ಗಂಟೆಗೆ ಸಂಖ್ಯೆ ಇದ್ದಕ್ಕಿದ್ದಂತೆ ಏರಿತು. ಹದಿನೆಂಟು, ಮೂವತ್ತು, ಐವತ್ತನಾಲ್ಕು. ಅತ್ತೆಯ ಮುಖ ಅರಳಿತು. ನನಗೆ ಮಾತ್ರ ಆ ಏರಿಕೆಯ ರೀತಿ ವಿಚಿತ್ರವಾಗಿ ಕಂಡಿತು. ಹೊರಗಿನವರು ಹೀಗೆ ಬರುವುದಿಲ್ಲ. ಇಬ್ಬರು ಬಂದರೆ ಒಬ್ಬ ಹೋಗುತ್ತಾನೆ. ಇಲ್ಲಿ ಒಬ್ಬರೂ ಹೋಗುತ್ತಿರಲಿಲ್ಲ. ತಲೆಯೆತ್ತಿ ನೋಡಿದೆ. ಹಿತ್ತಲಿನಲ್ಲಿದ್ದವರೆಲ್ಲ ಗೋಡೆಗೆ ಮುಖ ಮಾಡಿ ನಿಂತಿದ್ದರು. ಎಲ್ಲರ ಕೈಯಲ್ಲೂ ಫೋನು.

"ಮಾವಾ, ನೀವೂನಾ?" ಎಂದೆ. ಫಕೀರಪ್ಪ ಮಾವ ಫೋನನ್ನು ಬೆನ್ನ ಹಿಂದೆ ಮುಚ್ಚಿಕೊಂಡರು. "ಸಂಖ್ಯಾ ಕಡಿಮಿ ಕಂಡ್ರ ಹೊರಗಿನವ್ರು ನಿಲ್ಲೂದಿಲ್ಲವಾ. ಖಾಲಿ ಬಸ್ಸಿಗೆ ಯಾರ ಹತ್ತತಾರ? ಅದಕ್ಕ ನಾವ ಸೀಟ್ ತುಂಬೀವಿ" ಎಂದರು. ಅವರ ಮಾತು ಪೂರ್ತಿ ತಪ್ಪಲ್ಲ. ಆದರೆ ನಮ್ಮವರ ನಡುವೆ ಹೊರಗಿನವರು ಎಷ್ಟು ಎಂಬುದು ಈಗ ನನಗೆ ತಿಳಿಯುವಂತಿರಲಿಲ್ಲ. ಎಲ್ಲರೂ ಇಳೀರಿ ಎಂದೆ. ಫಕೀರಪ್ಪ ಮಾವ ಸೀಟಿ ಊದಿದರು. ಸಂಖ್ಯೆ ಇಳಿಯುತ್ತ ಬಂದು ಒಂದರಲ್ಲಿ ನಿಂತಿತು.

ಒಂದು. ಹೆಸರು ಸೂಜಿದಾರ ಎಂದಿತ್ತು, ಚಿತ್ರದಲ್ಲಿ ಬಳೆ ತೊಟ್ಟ ಒಂದು ಕೈ. "ಯಾರದ್ರೀ ಇದು? ಮನ್ಯಾಗ ಕುಂತ್ ಯಾರರ ನೋಡಾಕತ್ತೀರೇನು?" ಎಂದು ಮಕ್ತುಂಬಿ ಗೋಡೆಯಾಚೆಗೆ ಕೂಗಿದಳು. ಯಾರೂ ಒಪ್ಪಲಿಲ್ಲ. ಹೊರಗಿನವಳೋ, ನಮ್ಮವಳೋ? ನೇರವಾಗಿ ಕೇಳಿದರೆ, ಪ್ರೀತಿಯಿಂದ ಬಂದು ಕೂತ ನಮ್ಮವರು ಸುಳ್ಳು ಹೇಳುತ್ತಾರೆ. ಆದರೆ ಉತ್ತರ ಗೊತ್ತಿದ್ದವರ ಬೆರಳು ಯೋಚಿಸುವ ಮೊದಲೇ ಅದರ ಮೇಲೆ ಹೋಗುತ್ತದೆ ಎಂದು ನಾನು ಒಂದು ಪೋಲ್ ಹಾಕಿದೆ. ಮಕ್ತುಂಬಿಯ ಅಂಗಡಿಯ ಬಾಗಿಲಿನ ಬಣ್ಣ ಯಾವುದು? ಕೆಂಪು, ಹಸಿರು, ಹಳದಿ, ಬಾಗಿಲೇ ಇಲ್ಲ. ಊರಲ್ಲಿ ಹಾಲು ಕುಡಿಯುವ ಕೂಸಿಗೂ ಅದಕ್ಕೆ ಬಾಗಿಲಿಲ್ಲ ಎಂದು ಗೊತ್ತು. ಹೊರಗಿನವರು ಬಂದರೆ ಒಳಗಿನದು ಕಾಣಲಿ ಎಂದು ಅವಳ ಮಾವನೇ ಕಿತ್ತು ಹಾಕಿದ್ದ. ಎಲ್ಲರೂ ನನ್ನ ಫೋನಿಗೆ ಬಗ್ಗಿದರು.

ಸೂಜಿದಾರ ಹಸಿರು ಎಂದು ಒತ್ತಿದಳು.

"ತಪ್ಪು! ತಪ್ಪು ಹೇಳ್ಯಾಳ!" ಹಿತ್ತಲು ಕುಣಿಯಿತು. ಮಕ್ತುಂಬಿ ಎರಡೂ ಕೈಯಿಂದ ಫೋನಿನ ದೃಷ್ಟಿ ತೆಗೆದು ನೆಟಿಕೆ ಮುರಿದಳು. "ಹಸಿರಂತ! ಅಲ್ಲಾ ಆಕಿನ್ನ ಚಲೋ ಇಟ್ಟಿರಲಿ, ಏನೂ ಗೊತ್ತಿಲ್ಲ ಆಕಿಗೆ!" ಎಂದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಬ್ಬರ ತಪ್ಪು ಉತ್ತರಕ್ಕೆ ಇಷ್ಟು ಜನ ಸಂತೋಷಪಟ್ಟದ್ದನ್ನು ನಾನು ಯಾವ ಪರೀಕ್ಷೆಯಲ್ಲೂ ಕಂಡಿಲ್ಲ.

"ಬಾಗಿಲು ಇಲ್ಲ" ಎಂದು ನಾನು ಸೂಜಿದಾರಳಿಗೆ ಹೇಳಿದೆ. "ಅಲ್ಲಿ ಏನೋ ಗದ್ದಲ ಕೇಳಿಸಿತು" ಎಂದು ಅವಳು ಬರೆದಳು. ಕೇಳಿಸಿತು ಎಂಬ ಮಾತು ನನ್ನನ್ನು ತಡೆಯಿತು. ಬಾನಿ ಕಾಣಿಸುತ್ತಿದೆಯೇ ಎಂದೆ. ಉತ್ತರ ತಡವಾಗಿ ಬಂತು. ಅವಳು ಮನೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುವವಳು. ಸಂಜೆಗೆ ಅರವತ್ತು ಅಂಗಿ ಕೊಡಬೇಕು. ಫೋನನ್ನು ಗೋಡೆಗೆ ಒರಗಿಸಿ ಇಟ್ಟುಕೊಳ್ಳುತ್ತಾಳೆ. ಕಣ್ಣು ಸೂಜಿಯ ಮೇಲೆ, ಕಿವಿ ನಮ್ಮ ಕಡೆಗೆ. ಎರಡು ವರ್ಷದಿಂದ ಹೀಗೆಯೇ. ಒತ್ತಬೇಕಾದಾಗ ಮಾತ್ರ ನೋಡುತ್ತಾಳೆ. ಆಗಲೂ ಅಕ್ಷರಗಳನ್ನು.

ನಾನು ಅದನ್ನು ಗಟ್ಟಿಯಾಗಿ ಓದಿದ್ದೆ. ಫಕೀರಪ್ಪ ಮಾವ, "ಅಂದ್ರ ಸೀಟ್‌ನ್ಯಾಗ ಕುಂತಾಳ, ಕಿಟಕ್ಯಾಗ ನೋಡವಲ್ಲಳು" ಎಂದರು. ಬಾನಿಯಲ್ಲಿ ನೊರೆ ಏಳತೊಡಗಿತ್ತು. ಸಣ್ಣ ನೀಲಿ ಗುಳ್ಳೆಗಳು ಅಂಚಿನಿಂದ ನಡುವಿಗೆ ಸರಿಯುತ್ತಿದ್ದವು. "ಬಂತು. ಅರ್ಧ ತಾಸೂ ಇಲ್ಲ" ಎಂದು ಅತ್ತೆ ಮೆಲ್ಲಗೆ ಹೇಳಿದರು. ಆಗ ಎರಡು ಗಂಟೆಯೂ ಆಗಿರಲಿಲ್ಲ.

ಸ್ವಲ್ಪ ನೋಡುತ್ತಿರಿ, ಚೆನ್ನಾಗಿರುತ್ತದೆ ಎಂದೆ. ಸರಿ ಎಂದು ಬರೆದಳು. ಆಮೇಲೆ ಕೇಳಿದಳು, "ಮೊದಲು ಒಬ್ಬರು ಗಂಡಸು ಮಾತಾಡುತ್ತಿದ್ದರು. ಅವರ ಮಾತು ಕೇಳುತ್ತಿದ್ದರೆ ಕೆಲಸ ಬೇಗ ಸಾಗುತ್ತಿತ್ತು. ಅವರೆಲ್ಲಿ?"

ಊರಲ್ಲಿ ಎಲ್ಲರಿಗೂ ಗೊತ್ತಿದ್ದುದರಿಂದ ನನ್ನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಒಂಬತ್ತು ತಿಂಗಳಲ್ಲಿ ಒಬ್ಬರೂ. ನಾನು ಸುಮ್ಮನಾದೆ. ಇಡೀ ಹಿತ್ತಲು ಸುಮ್ಮನಾಯಿತು. ಅರ್ಧ ನಿಮಿಷ ಕಳೆದಿರಬಹುದು. "ಯಾಕೆ ಮಾತು ನಿಂತಿತು? ತಲೆಯೆತ್ತಿ ನೋಡಿದೆ. ನೀಲಿ ನೀರು ಮಾತ್ರ ಕಾಣಿಸುತ್ತಿದೆ" ಎಂದು ಅವಳು ಬರೆದಳು. ಅವಳು ನೋಡಿದ್ದಳು. ಮಾತು ಇದ್ದಾಗ ಅವಳಿಗೆ ನೋಡುವ ಅಗತ್ಯವಿಲ್ಲ. ಮಾತು ನಿಂತರೆ ಕಣ್ಣೆತ್ತುತ್ತಾಳೆ, ಏನೂ ಇಲ್ಲದಿದ್ದರೆ ಮತ್ತೆ ಸೂಜಿಗೆ ಇಳಿಯುತ್ತಾಳೆ. "ನಿಮ್ಮನ್ನು ಒಮ್ಮೆಯೂ ಕಂಡಿಲ್ಲ. ಬರೀ ಕೈ. ನೀವು ಕಾಣಿಸಿಕೊಂಡರೆ ಕೆಲಸ ಬದಿಗಿಟ್ಟು ನೋಡುತ್ತಿದ್ದೆ" ಎಂದೂ ಬರೆದಳು.

ಮಕ್ತುಂಬಿ ನನ್ನ ಹಿಂದೆಯೇ ನಿಂತು ಓದಿಕೊಂಡಳು. ಓದಿ ಅತ್ತೆಯ ಮುಖ ನೋಡಿದಳು. ಅತ್ತೆ ಕೇಳಿದರು, "ಏನಂತ?" ಮಕ್ತುಂಬಿ ಹೇಳಿದಳು. ಅತ್ತೆ ಎದ್ದು ಬಂದು ನನಗೂ ಬಾನಿಗೂ ನಡುವೆ ನಿಂತರು.

"ಬ್ಯಾಡ" ಎಂದರು. "ಅತ್ತೀ, ಅರ್ಧ ತಾಸು..." ಎಂದೆ. "ಬ್ಯಾಡ ಅಂದೆ. ಬಾನಿ ಸತ್ರ ಸಾಯಲಿ. ಇದೊಂದು ಹಂಡೆ ನೀರು. ನಾ ಇದರ ಸಲುವಾಗಿ ನಿನ್ನ ಕುಂದ್ರಸೂದಿಲ್ಲ. ನಿನಗ ಯಾವಾಗ ಕೂಡಬೇಕು ಅನಸತೈತಿ ಆವಾಗ ಕೂಡು. ಅನಸಲಿಲ್ಲಂದ್ರ ಕೂಡಲೇಬ್ಯಾಡ." ಬಿಳಿ ಕಾಣುತ್ತಿದ್ದ ಉಗುರುಗಳನ್ನು ಅವರು ಈಗ ಮುಚ್ಚಿಕೊಂಡಿರಲಿಲ್ಲ. "ಹೋಗು, ಒಳಗ ಹೋಗು. ಫೋನ್ ಫಕೀರಣ್ಣನ ಕೈಯಾಗ ಕೊಟ್ಟು ಹೋಗು. ಅಂವ ಏನರ ಮಾಡ್ತಾನ." "ನಾ ಏನ್ ಮಾಡ್ಲಿ ಹಂಪಕ್ಕಾ, ಟಿಕೀಟ್ ಹರಿಯಲೇನು?" ಎಂದರು ಫಕೀರಪ್ಪ ಮಾವ.

ನಾನು ಫೋನನ್ನು ಅವರ ಕೈಗೆ ಕೊಟ್ಟೆ. ಬಾನಿಗಾಗಿ ಕೊಟ್ಟೆ ಎಂದು ಆಮೇಲೆ ಊರು ಹೇಳಿತು. ಅದು ಪೂರ್ತಿ ನಿಜವಲ್ಲ. ಹದಿಮೂರನೆಯ ದಿನದ ಲೈವ್ ತಪ್ಪಿಸಿಕೊಂಡಿದ್ದ ಆ ಹೆಂಗಸಿಗೆ ಅವನ ಸಾವು ಗೊತ್ತಿರಲಿಲ್ಲ. ಅವಳ ಮಟ್ಟಿಗೆ ಅವನು ಎಲ್ಲೋ ಇದ್ದ, ಬೇರೆ ಕೆಲಸದಲ್ಲಿದ್ದ, ನಾಳೆ ಬರಬಹುದಾಗಿತ್ತು. ಲೋಕದಲ್ಲಿ ನನ್ನ ಜೊತೆಗೆ ಅವನನ್ನು ಹಾಗೆ ಇಟ್ಟುಕೊಂಡಿದ್ದವಳು ಅವಳೊಬ್ಬಳೇ. ಅವಳನ್ನು ನೋಡಬೇಕೆನಿಸಿತು. ನೋಡುವಂತಿರಲಿಲ್ಲ. ಅವಳು ನನ್ನನ್ನು ನೋಡಬಹುದಿತ್ತು.

"ನಾಲ್ಕು ಹೆಜ್ಜೆ ಹಿಂದ ಸರೀರಿ ಮಾವಾ. ಬಾನಿ, ನಾನು ಇಬ್ಬರೂ ಕಾಣಬೇಕು" ಎಂದು ಹೇಳಿ ಅತ್ತೆಯನ್ನು ದಾಟಿ ಹೋಗಿ ಬಾನಿಯ ಅಂಚಿನಲ್ಲಿ ಕೂತೆ. ಅತ್ತೆ ನನ್ನ ಭುಜ ಹಿಡಿದರು, ಆಮೇಲೆ ಬಿಟ್ಟರು. ಫಕೀರಪ್ಪ ಮಾವ ಎರಡೂ ಕೈಯಿಂದ ಫೋನನ್ನು ಎದೆಗೆ ಒತ್ತಿ ಹಿಡಿದಿದ್ದರು. "ಮಾವಾ, ಬರೇ ನಿಮ್ಮ ಎದಿ ಕಾಣಸ್ತಿರಬೇಕು ಆಕಿಗೆ. ಈ ಕಡೆ ತಿರಗಸ್ರಿ" ಎಂದಳು ಮಕ್ತುಂಬಿ. ತಿರುಗಿಸಿದರು.

ಎದುರಿನಿಂದ ಫೋನು ಬರಿಯ ಒಂದು ಕಪ್ಪು ಚುಕ್ಕೆ. ಅದರೊಳಗೆ ಯಾರಿದ್ದಾರೆ ಎಂದು ತಿಳಿಯುವುದಿಲ್ಲ. ಊರಿನವರೆಲ್ಲ ಎರಡು ವರ್ಷ ಇದರ ಮುಂದೆ ಕೂತು ನಗುತ್ತಿದ್ದದ್ದು ಹೇಗೆ ಎಂದು ಸೋಜಿಗವಾಯಿತು. "ನಾನು ಅನಸೂಯಾ" ಎಂದೆ. "ನೀವು ಕೇಳಿದಿರಲ್ಲ, ಹೇಳುತ್ತೇನೆ. ನೋಡುತ್ತಿರಬೇಕು."

"ನೋಡಾಕತ್ತಾರಂತ" ಎಂದು ಫಕೀರಪ್ಪ ಮಾವ ಓದಿದರು. ಇಷ್ಟು ವರ್ಷ ನಿಲ್ದಾಣದ ಹೆಸರು ಕೂಗಿದ ದನಿ ಅದು. "ಸೂಜಿ ಕೆಳಗಿಟ್ಟೀನಿ ಅಂತ ಬರದಾರ. ನೀವು ಇಷ್ಟ್ ಸಣ್ಣಾಕಿ ಅಂತ ಗೊತ್ತಿರಲಿಲ್ಲ ಅಂತ."

ನಾನು ಹೇಳತೊಡಗಿದೆ. ಆ ಗಂಡಸಿನ ಹೆಸರು ಚಿದಾನಂದ. ಅವನು ಮಾತಾಡುತ್ತ ಕೈ ಆಡಿಸುತ್ತಿದ್ದ, ಅದರಿಂದ ಫೋನು ಅಲ್ಲಾಡುತ್ತಿತ್ತು, ನೋಡುಗರು ತಲೆ ತಿರುಗುತ್ತದೆ ಎಂದು ಬೈಯುತ್ತಿದ್ದರು. ಹೆಸರುಕಾಳು ಎಣಿಸುವಾಗ ಅರ್ಧಕ್ಕೆ ಮರೆತು ಮತ್ತೆ ಮೊದಲಿನಿಂದ ಎಣಿಸುತ್ತಿದ್ದ, ಬೇಕೆಂದೇ ಮರೆಯುತ್ತಿದ್ದ ಎಂದು ನನ್ನ ಅನುಮಾನ. ನನ್ನ ಕೋಷ್ಟಕಗಳನ್ನು ಓದುತ್ತಿರಲಿಲ್ಲ. ಹೇಳುತ್ತ ಹೋದಂತೆ ನನ್ನ ಕಾಲಿನ ಕೆಳಗೆ ಬಿಸಿಯಾದ ಕಲ್ಲು ಇರುವುದು ನನಗೆ ತಿಳಿಯಿತು. ಕೂತಾಗಿನಿಂದ ಅದು ಸುಡುತ್ತಲೇ ಇದ್ದಿರಬೇಕು. ಬಾನಿಯಿಂದ ಬರುತ್ತಿದ್ದ ಕೊಳೆತ ವಾಸನೆ ಮೂಗಿಗೆ ಹತ್ತಿತು. ಎಂಟು ದಿನದಿಂದ ಎಲ್ಲರೂ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದದ್ದು ಇದಕ್ಕೇ ಎಂದು ಆಗ ಅರ್ಥವಾಯಿತು.

"ಈಗ ಅವರೆಲ್ಲಿ ಅಂತ ಮತ್ತ ಕೇಳ್ಯಾರ" ಎಂದರು ಫಕೀರಪ್ಪ ಮಾವ, ಬಹಳ ಮೆಲ್ಲಗೆ.

ನನ್ನ ಪಕ್ಕದಲ್ಲಿ ನೊರೆ ಸೀಳಿತು. ಅದರಡಿಯಲ್ಲಿ ನೀರು ಹಳದಿ ಹಸಿರಾಗಿತ್ತು. ಅದರ ಮೇಲೆ ತಾಮ್ರದ ಬಣ್ಣದ ಕೆನೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಹರಡಿಕೊಂಡಿತು. "ಹಂಪವ್ವಾ, ತಿರುಗ್ತು! ತಿರುಗ್ತು ನೋಡ!" ಎಂದು ಯಾರೋ ಕೂಗಿದರು. ಅತ್ತೆ ಬಾನಿಯ ಕಡೆ ತಿರುಗಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು.

"ಅವನು ತೀರಿಕೊಂಡ" ಎಂದೆ.

ನನ್ನ ದನಿ ನನಗೆ ಬೇರೆಯವರದರಂತೆ ಕೇಳಿಸಲಿಲ್ಲ. ಫಕೀರಪ್ಪ ಮಾವ ಫೋನನ್ನು ಕಣ್ಣಿನ ಹತ್ತಿರ ತಂದು, ಮತ್ತೆ ದೂರ ಹಿಡಿದು ಓದಿದರು. "ಅಯ್ಯೋ ಅಂದಾರ. ಯಾವಾಗ ಅಂತ ಕೇಳ್ಯಾರವಾ."

ನನಗೆ ತಾರೀಖು ಗೊತ್ತಿತ್ತು. ವಾರ, ಗಂಟೆ, ಅಂದಿನಿಂದ ಎಷ್ಟು ದಿನ ಎಂಬುದೂ ಗೊತ್ತಿತ್ತು.

"ಈಗ" ಎಂದೆ.

ಫಕೀರಪ್ಪ ಮಾವ ಅದನ್ನು ತಿದ್ದಲಿಲ್ಲ. ಮಕ್ತುಂಬಿ ಕೈಯಲ್ಲಿದ್ದ ಬ್ರೆಡ್ಡಿನ ಬುಟ್ಟಿಯನ್ನು ನೆಲಕ್ಕಿಟ್ಟಳು. ಹಿತ್ತಲಿನ ಹೆಂಗಸರು, ಸುದ್ದಿ ಆಗಷ್ಟೇ ಕಿವಿಗೆ ಬಿದ್ದವರಂತೆ, ಒಬ್ಬೊಬ್ಬರಾಗಿ ಎದ್ದು ನನ್ನ ಕಡೆಗೆ ಬರತೊಡಗಿದರು.